ದವಾಖಾನೆಯಲ್ಲಿ ಅನ್ಯಾಯವಾದರೆ ಯಾವ ಬಾಗಿಲು ತಟ್ಟಬೇಕು? ಗಡಿ ಹಳ್ಳಿಗಳವರಿಗೊಂದು ಕಾನೂನು ಮಾಹಿತಿ

ನಾರಾಯಣಪೇಟೆ: ಕಾಯಿಲೆಗೆ ರಾಜ್ಯದ ಗಡಿ ಗೊತ್ತಿಲ್ಲ. ಕೃಷ್ಣಾ, ಮಕ್ತಲ್ ಕಡೆಯವರಿಗೆ ಹೊಳೆ ದಾಟಿದರೆ ರಾಯಚೂರು. ನಾರಾಯಣಪೇಟೆಯವರಿಗೆ ಒಂದು ಕಡೆ ಯಾದಗಿರಿ, ಇನ್ನೊಂದು ಕಡೆ ಮಹಬೂಬನಗರ. ಗದ್ವಾಲ್ ಜನಕ್ಕೆ ರಾಯಚೂರಿನಷ್ಟೇ ಕರ್ನೂಲೂ ಹತ್ತಿರ. ರೋಗ ಜೋರಾದರೆ ಎಲ್ಲರಿಗೂ ಹೈದರಾಬಾದು. ಹೀಗೆ ಒಂದೇ ಊರಿನ ರೋಗಿಗಳು ತೆಲಂಗಾಣ, ಕರ್ನಾಟಕ, ಆಂಧ್ರ ಮೂರೂ ರಾಜ್ಯಗಳ ದವಾಖಾನೆಗಳಲ್ಲಿ ಮಲಗಿರುತ್ತಾರೆ.

ಚಿಕಿತ್ಸೆ ಕೈಕೊಟ್ಟಾಗ ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಒಂದೋ ಜೀಪು ಮಾಡಿಕೊಂಡು ಹೋಗಿ ಆಸ್ಪತ್ರೆ ಮುಂದೆ ಗಲಾಟೆ, ಇಲ್ಲವೇ 'ನಮ್ಮ ಹಣೆಬರಹ' ಎಂದು ಮೌನ. ಮೊದಲನೆಯದರಿಂದ ಕೇಸು ನಮ್ಮ ಮೇಲೇ ಬೀಳಬಹುದು. ಎರಡನೆಯದರಿಂದ ತಪ್ಪು ಮಾಡಿದವರು ಹಾಗೇ ಉಳಿಯುತ್ತಾರೆ. ಇವೆರಡರ ನಡುವೆ ಕಾನೂನಿನ ದಾರಿ ಒಂದಿದೆ. ಅದರಲ್ಲಿ ನಡೆಯಲು ಏನೇನು ಬೇಕು ಎಂಬುದು ಈ ಲೇಖನದ ವಿಷಯ.

ಯಾವುದು ನಿರ್ಲಕ್ಷ್ಯ, ಯಾವುದು ಅಲ್ಲ?

ರೋಗಿ ಗುಣವಾಗಲಿಲ್ಲ ಅಥವಾ ತೀರಿಕೊಂಡ ಎಂಬ ಒಂದೇ ಕಾರಣಕ್ಕೆ ಡಾಕ್ಟರ್ ತಪ್ಪಿತಸ್ಥರಾಗುವುದಿಲ್ಲ. ಅದೇ ವಿದ್ಯೆ ಕಲಿತ ಸಾಧಾರಣ ಡಾಕ್ಟರೊಬ್ಬರು ತೆಗೆದುಕೊಳ್ಳುತ್ತಿದ್ದಷ್ಟು ಎಚ್ಚರಿಕೆಯನ್ನು ಇವರು ತೆಗೆದುಕೊಂಡಿದ್ದರೇ ಎಂಬುದೇ ನ್ಯಾಯಾಲಯ ಕೇಳುವ ಪ್ರಶ್ನೆ. ಎರಡು ಚಿಕಿತ್ಸಾ ವಿಧಾನಗಳಲ್ಲಿ ಒಂದನ್ನು ಆರಿಸಿಕೊಂಡು ಅದು ಫಲಿಸದಿದ್ದರೆ ನಿರ್ಲಕ್ಷ್ಯ ಎನ್ನಲಾಗದು. ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರ ಗರ್ಭ ನಿಂತಿತು ಎಂಬುದೊಂದೇ ನಿರ್ಲಕ್ಷ್ಯಕ್ಕೆ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಪಂಜಾಬಿನ ಪ್ರಕರಣವೊಂದರಲ್ಲಿ ಹೇಳಿದೆ.

ಹಾಗಾದರೆ ಯಾವುದು ನಿರ್ಲಕ್ಷ್ಯ? ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಹೊಲಿಗೆ ಹಾಕುವುದು, ಒಂದು ಔಷಧದ ಬದಲು ಇನ್ನೊಂದನ್ನು ಚುಚ್ಚುವುದು, ಮಾಡಲೇಬೇಕಾದ ಪರೀಕ್ಷೆ ಮಾಡದಿರುವುದು, ಒಪ್ಪಿಗೆ ಪಡೆಯದೆ ಅಂಗ ತೆಗೆಯುವುದು, ತನಗೆ ಓದಿಲ್ಲದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವುದು. ಇಂಥವಕ್ಕೆ ನ್ಯಾಯಾಲಯಗಳು ಪರಿಹಾರ ಕೊಡಿಸಿವೆ. ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಪ್ರಕರಣದಲ್ಲಿ ಟೈಫಾಯಿಡ್ ಆಗಿದ್ದ ಮಗುವಿಗೆ ನರ್ಸ್ ಬೇರೊಂದು ಇಂಜೆಕ್ಷನ್ ಕೊಟ್ಟು ಮಗುವಿನ ಮಿದುಳಿಗೇ ಪೆಟ್ಟಾಯಿತು. 1998ರಲ್ಲಿ ಸುಪ್ರೀಂ ಕೋರ್ಟ್ ಮಗುವಿಗೆ 12.5 ಲಕ್ಷ ರೂಪಾಯಿ, ತಂದೆ ತಾಯಿಗೆ ಪ್ರತ್ಯೇಕವಾಗಿ 5 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು.

ನಮಗೆ ಹತ್ತಿರದ ಉದಾಹರಣೆ ಹೈದರಾಬಾದಿನದು. 2002ರ ಜುಲೈನಲ್ಲಿ ಚಳಿಜ್ವರ ಬಂದ ಮಹಿಳೆಯೊಬ್ಬರನ್ನು ಅಲ್ಲಿನ ಖಾಸಗಿ ಆಸ್ಪತ್ರೆಗೆ ಸೇರಿಸಲಾಯಿತು. ಪತಿ ಸ್ವತಃ ಮಲೇರಿಯಾ ಇಲಾಖೆಯ ಅಧಿಕಾರಿ. ಆಸ್ಪತ್ರೆ ಟೈಫಾಯಿಡ್‌ಗೆ ಚಿಕಿತ್ಸೆ ಕೊಟ್ಟಿತು, ಮಲೇರಿಯಾಕ್ಕೆ ಕೊಡಲಿಲ್ಲ. ಬೇರೆ ಆಸ್ಪತ್ರೆಗೆ ಸಾಗಿಸಿದರೂ ಆಕೆ ಉಳಿಯಲಿಲ್ಲ. ಜಿಲ್ಲಾ ಗ್ರಾಹಕ ವೇದಿಕೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆದರೆ ತಜ್ಞ ಡಾಕ್ಟರ ಸಾಕ್ಷ್ಯ ಇಲ್ಲವೆಂದು ರಾಜ್ಯ ಆಯೋಗ ಅದನ್ನು ರದ್ದುಮಾಡಿತು, ರಾಷ್ಟ್ರೀಯ ಆಯೋಗವೂ ಅದನ್ನೇ ಒಪ್ಪಿತು. 2010ರ ಮಾರ್ಚ್ 8ರಂದು ಸುಪ್ರೀಂ ಕೋರ್ಟ್ ಜಿಲ್ಲಾ ವೇದಿಕೆಯ ತೀರ್ಪನ್ನೇ ಮತ್ತೆ ಜಾರಿಗೆ ತಂದಿತು. ತಪ್ಪು ಕಣ್ಣಿಗೆ ಕಾಣುವಂತಿದ್ದರೆ ಪ್ರತಿ ಪ್ರಕರಣದಲ್ಲೂ ತಜ್ಞರ ಸಾಕ್ಷ್ಯ ಬೇಕಿಲ್ಲ ಎಂಬುದು ಅದರ ಸಾರ. 'ವಿ. ಕಿಶನ್ ರಾವ್ ವಿರುದ್ಧ ನಿಖಿಲ್ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ' ಎಂಬ ಈ ಪ್ರಕರಣದ ಹೆಸರನ್ನು ನಿಮ್ಮ ವಕೀಲರಿಗೆ ಹೇಳಿ, ಅವರಿಗೆ ಗೊತ್ತಿರುತ್ತದೆ.

ಮೊದಲ ಕೆಲಸ ಕಾಗದ ಕೂಡಿಸುವುದು

ಇಂಥ ಕೇಸು ನಿಲ್ಲುವುದೂ ಬೀಳುವುದೂ ಕಾಗದದ ಮೇಲೆ. ಹೊರರೋಗಿ ಚೀಟಿ, ಡಾಕ್ಟರ್ ಬರೆದ ಔಷಧ ಚೀಟಿ, ಔಷಧದಂಗಡಿಯ ಬಿಲ್ಲು, ರಕ್ತಪರೀಕ್ಷೆ ವರದಿ, ಎಕ್ಸ್‌ರೇ, ಸ್ಕ್ಯಾನಿಂಗ್, ಡಿಸ್ಚಾರ್ಜ್ ಸಾರಾಂಶ ಯಾವುದನ್ನೂ ಎಸೆಯಬೇಡಿ. ಒಳರೋಗಿಯಾಗಿದ್ದರೆ ಇವಿಷ್ಟೇ ಸಾಲದು. ದಿನದಿನದ ಟಿಪ್ಪಣಿ, ನರ್ಸ್‌ಗಳ ದಾಖಲೆ, ಶಸ್ತ್ರಚಿಕಿತ್ಸೆ ಹಾಗೂ ಅರಿವಳಿಕೆಯ ಟಿಪ್ಪಣಿ, ನೀವು ಸಹಿ ಮಾಡಿದ ಒಪ್ಪಿಗೆ ಪತ್ರ, ಎಲ್ಲ ಸೇರಿದ ಪೂರ್ತಿ ಕೇಸ್ ಶೀಟ್ ಬೇಕು.

ಅದನ್ನು ಕೇಳುವುದು ನಿಮ್ಮ ಹಕ್ಕು. ವೈದ್ಯರ ನಡವಳಿಕೆ ಕುರಿತ 2002ರ ನಿಯಮಗಳ ಪ್ರಕಾರ ರೋಗಿ ಅಥವಾ ಆತನ ಕಡೆಯವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ಬಾಯಿಮಾತಲ್ಲಿ ಕೇಳಬೇಡಿ. ಅರ್ಜಿ ಬರೆದು ಒಂದು ಪ್ರತಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಆಸ್ಪತ್ರೆಯ ಮುದ್ರೆ, ಸಹಿ, ದಿನಾಂಕ ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಸರ್ಕಾರಿ ದವಾಖಾನೆಯಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿಯೂ ಅರ್ಜಿ ಹಾಕಬಹುದು, 30 ದಿನದೊಳಗೆ ಉತ್ತರ ಬರಬೇಕು.

ಜೊತೆಗೆ ನೆನಪು ಹಸಿಯಾಗಿರುವಾಗಲೇ ಒಂದು ನೋಟ್‌ಬುಕ್‌ನಲ್ಲಿ ನಡೆದದ್ದನ್ನೆಲ್ಲ ದಿನ, ವೇಳೆ ಸಮೇತ ಬರೆದಿಡಿ. ಯಾರು ನೋಡಿದರು, ಏನು ಹೇಳಿದರು, ಯಾವಾಗ ಬಂದರು, ಯಾವಾಗ ಬರಲಿಲ್ಲ, ಪಕ್ಕದ ಮಂಚದಲ್ಲಿ ಯಾರಿದ್ದರು. ಕನ್ನಡದಲ್ಲೋ ತೆಲುಗಿನಲ್ಲೋ ಯಾವುದರಲ್ಲಾದರೂ ಸರಿ.

ಒಪ್ಪಿಗೆ ಪತ್ರದ ವಿಷಯದಲ್ಲಿ ಒಂದು ಮಾತು. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಏನು ಮಾಡುತ್ತೇವೆ, ಅದರ ಅಪಾಯವೇನು, ಬೇರೆ ದಾರಿ ಇದೆಯೇ ಎಂಬುದನ್ನು ರೋಗಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಒಂದಕ್ಕೆ ಕೊಟ್ಟ ಒಪ್ಪಿಗೆಯಲ್ಲಿ, ಪ್ರಾಣಾಪಾಯವಿಲ್ಲದಿದ್ದರೆ, ಇನ್ನೊಂದು ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ. ಕನ್ನಡ ಅಥವಾ ತೆಲುಗು ಮಾತ್ರ ಬಲ್ಲವರ ಹೆಬ್ಬೆಟ್ಟನ್ನು ಇಂಗ್ಲಿಷ್ ಹಾಳೆಯ ಮೇಲೆ ಒತ್ತಿಸಿಕೊಂಡಿದ್ದರೆ ಅದನ್ನು ವಕೀಲರಿಗೆ ತಪ್ಪದೆ ಹೇಳಿ.

ಸಾವು ಸಂಭವಿಸಿದ್ದರೆ

ಇದು ಹೇಳಲು ಕಷ್ಟದ ಮಾತು, ಆದರೆ ಹೇಳಲೇಬೇಕು. ಅನುಮಾನವಿದ್ದರೆ ಮರಣೋತ್ತರ ಪರೀಕ್ಷೆ ಮಾಡಿಸಿ. ದುಃಖದಲ್ಲಿ, ಹೊತ್ತು ಮುಳುಗುವ ಮೊದಲು ಮಣ್ಣು ಮಾಡುವ ಅವಸರದಲ್ಲಿ ಇದು ಬಿಟ್ಟುಹೋಗುತ್ತದೆ. ಆಮೇಲೆ ಸಾವಿನ ಕಾರಣ ಸಾಬೀತು ಮಾಡುವುದು ಬಹಳ ಕಷ್ಟ. ಆಸ್ಪತ್ರೆ ಇರುವ ವ್ಯಾಪ್ತಿಯ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಟ್ಟರೆ ಪಂಚನಾಮೆ, ಮರಣೋತ್ತರ ಪರೀಕ್ಷೆ ನಡೆಯುತ್ತದೆ. ಅದರ ವರದಿಯ ಪ್ರತಿ ಪಡೆಯಿರಿ. ಮರಣ ಪ್ರಮಾಣಪತ್ರ, ವಾರಸುದಾರರ ಪ್ರಮಾಣಪತ್ರ ಮಾಡಿಸಿಡಿ. ರೋಗಿ ತೀರಿಕೊಂಡಿದ್ದರೆ ವಾರಸುದಾರರು ಗ್ರಾಹಕರಾಗಿ ದೂರು ಕೊಡಬಹುದು.

ಗ್ರಾಹಕ ಆಯೋಗ: ನಿಮ್ಮ ಊರಿನ ಹತ್ತಿರವೇ ದೂರು

ಪರಿಹಾರದ ಹಣ ಕೇಳಲು ಹೆಚ್ಚು ಜನ ಹೋಗುವ ದಾರಿ ಇದು. ವೈದ್ಯಕೀಯ ಸೇವೆಯೂ ಗ್ರಾಹಕ ಕಾಯ್ದೆಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರ ನವೆಂಬರ್ 13ರಂದು ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಈಗ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈ 20ರಿಂದ ಜಾರಿಯಲ್ಲಿದೆ. 2024ರಲ್ಲಿ ವಕೀಲರ ಸೇವೆಯನ್ನು ಈ ಕಾಯ್ದೆಯಿಂದ ಹೊರಗಿಟ್ಟಾಗ ಡಾಕ್ಟರುಗಳ ವಿಷಯವನ್ನೂ ಮರುಪರಿಶೀಲಿಸಬೇಕೆಂಬ ಮಾತು ಬಂತು. ಆದರೆ ಅದೇ ವರ್ಷ ನವೆಂಬರ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದು ಬೇಕಿಲ್ಲ ಎಂದಿತು. ಹಾಗಾಗಿ 1995ರ ತೀರ್ಪು ಹಾಗೇ ನಿಂತಿದೆ.

ಗಡಿ ಜನರಿಗೆ ಹೊಸ ಕಾಯ್ದೆಯಿಂದ ಆದ ದೊಡ್ಡ ಅನುಕೂಲ ಏನು ಗೊತ್ತೇ? ಮೊದಲು ಆಸ್ಪತ್ರೆ ಇರುವ ಕಡೆಯೇ ದೂರು ಹಾಕಬೇಕಿತ್ತು. ರಾಯಚೂರಿನಲ್ಲಿ ಚಿಕಿತ್ಸೆಯಾದರೆ ರಾಯಚೂರು, ಕರ್ನೂಲಿನಲ್ಲಾದರೆ ಕರ್ನೂಲು. ಈಗ ದೂರುದಾರ ವಾಸಿಸುವ ಅಥವಾ ದುಡಿಯುವ ಜಾಗದ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು. ಹಳೆಯ ಪಾಲಮೂರು ಜಿಲ್ಲೆಗೆ ಸೇರಿದ್ದ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಜನ ಮಹಬೂಬನಗರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಆಸ್ಪತ್ರೆ ಕರ್ನಾಟಕದ್ದಾದರೂ ಸರಿ. ದಾಖಲೆ, ಸಾಕ್ಷಿಗಳೆಲ್ಲ ರಾಯಚೂರಿನಲ್ಲೇ ಇದ್ದು, ಅಲ್ಲಿಗೆ ಓಡಾಟವೂ ಸುಲಭವಿದ್ದರೆ ರಾಯಚೂರಿನ ಜಿಲ್ಲಾ ಆಯೋಗದಲ್ಲಿ ಹಾಕುವುದಕ್ಕೂ ಅಡ್ಡಿಯಿಲ್ಲ. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ಕನ್ನಡದ ಕಾಗದಗಳನ್ನು ಮಹಬೂಬನಗರದಲ್ಲಿ ಸಲ್ಲಿಸುವಾಗ ಇಂಗ್ಲಿಷ್ ಅಥವಾ ತೆಲುಗು ಅನುವಾದ ಜೊತೆಗಿಟ್ಟರೆ ಕೆಲಸ ನಿಲ್ಲುವುದಿಲ್ಲ.

ನೀವು ಆಸ್ಪತ್ರೆಗೆ ಕಟ್ಟಿದ ಹಣ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗಿದ್ದರೆ ರಾಜ್ಯ ಆಯೋಗ, ಅದಕ್ಕೂ ಮೇಲಾದರೆ ರಾಷ್ಟ್ರೀಯ ಆಯೋಗ. ಗಮನಿಸಿ, ಇಲ್ಲಿ ಲೆಕ್ಕ ಕಟ್ಟಿದ ಹಣದ್ದು, ಕೇಳುವ ಪರಿಹಾರದ್ದಲ್ಲ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000 ರೂಪಾಯಿ. ನಮ್ಮ ಕಡೆಯ ಹೆಚ್ಚಿನ ಪ್ರಕರಣಗಳು ಶುಲ್ಕವಿಲ್ಲದ ಸಾಲಿಗೇ ಬರುತ್ತವೆ. ವಕೀಲರಿಲ್ಲದೆ ನೀವೇ ವಾದಿಸಬಹುದು. ಆನ್‌ಲೈನ್‌ನಲ್ಲಿ ದೂರು ಸಲ್ಲಿಸಲು ಇ-ಜಾಗೃತಿ ಎಂಬ ತಾಣ 2025ರ ಜನವರಿಯಿಂದ ಇದೆ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ದೂರಿನಲ್ಲಿ ಆಸ್ಪತ್ರೆಯನ್ನು ಎದುರುದಾರನಾಗಿ ಮಾಡುವುದನ್ನು ಮರೆಯಬೇಡಿ. ಚಿಕಿತ್ಸೆ ಕೊಟ್ಟ ಡಾಕ್ಟರ ಹೆಸರು ಗೊತ್ತಿಲ್ಲ ಅಥವಾ ಸೇರಿಸಿಲ್ಲ ಎಂಬ ಕಾರಣಕ್ಕೆ ದೂರು ವಜಾ ಮಾಡಲಾಗದು, ಉತ್ತರ ಹೇಳುವ ಹೊಣೆ ಆಸ್ಪತ್ರೆಯದು ಎಂದು ಸವಿತಾ ಗರ್ಗ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೋಟಿಸ್ ಸಿಕ್ಕ 30 ದಿನದೊಳಗೆ ಆಸ್ಪತ್ರೆ ಉತ್ತರ ಕೊಡಬೇಕು. ಆಯೋಗ ಇನ್ನೂ 15 ದಿನ ಮಾತ್ರ ಹೆಚ್ಚಿಗೆ ಕೊಡಬಹುದು. ಜಿಲ್ಲಾ ಆಯೋಗದ ತೀರ್ಪು ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ.

ಎರಡು ವರ್ಷದ ಗಡುವು

ತಪ್ಪು ನಡೆದ ಅಥವಾ ತಿಳಿದುಬಂದ ದಿನದಿಂದ 2 ವರ್ಷದೊಳಗೆ ಗ್ರಾಹಕ ದೂರು ಹಾಕಬೇಕು. ತಡವಾದರೆ ಸರಿಯಾದ ಕಾರಣ ತೋರಿಸಬೇಕು, ಒಪ್ಪುವುದು ಬಿಡುವುದು ಆಯೋಗಕ್ಕೆ ಬಿಟ್ಟದ್ದು. 1993ರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ಮಹಿಳೆಯೊಬ್ಬರಿಗೆ ಹೊಟ್ಟೆನೋವು ಹೋಗಲೇ ಇಲ್ಲ. ಒಂಬತ್ತು ವರ್ಷದ ನಂತರ ಒಳಗೆ ಗಾಜ್ ಬಟ್ಟೆ ಉಳಿದಿತ್ತೆಂದು ಗೊತ್ತಾಯಿತು. ಆಕೆ ಸ್ವತಃ ನರ್ಸ್. ಅಷ್ಟು ವರ್ಷ ನೋವು ಇದ್ದರೂ ಡಾಕ್ಟರನ್ನು ಕೇಳದೆ ಸುಮ್ಮನಿದ್ದದ್ದು ಸರಿಯಲ್ಲವೆಂದು 2010ರಲ್ಲಿ ಸುಪ್ರೀಂ ಕೋರ್ಟ್ ದೂರನ್ನೇ ತಳ್ಳಿಹಾಕಿತು. 'ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ' ಎಂದು ಕಾಯುವವರು ಇದನ್ನು ನೆನಪಿಡಬೇಕು.

ಸರ್ಕಾರಿ ದವಾಖಾನೆಯಾದರೆ?

ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ. ಬರೀ ಹೆಸರು ನೋಂದಣಿಗೆ ಐದೋ ಹತ್ತೋ ರೂಪಾಯಿ ಕೊಟ್ಟರೆ ಅದು ಶುಲ್ಕ ಎನಿಸುವುದಿಲ್ಲ. ಆದರೆ ಕೆಲವರಿಂದ ಹಣ ಪಡೆದು ಬಡವರಿಗೆ ಪುಕ್ಕಟೆ ನೋಡುವ ಆಸ್ಪತ್ರೆಯಲ್ಲಿ ಆ ಬಡವರೂ ಗ್ರಾಹಕರೇ. ವಿಮಾ ಕಂಪನಿ ಹಣ ಕಟ್ಟಿದ್ದರೂ ನೀವು ಗ್ರಾಹಕರೇ. ಖಾಸಗಿ ಆಸ್ಪತ್ರೆಯಲ್ಲಿ ಆರೋಗ್ಯಶ್ರೀಯಡಿ ಚಿಕಿತ್ಸೆ ಪಡೆದವರು 'ಪುಕ್ಕಟೆ ಮಾಡಿದ್ದೇವೆ' ಎಂಬ ಮಾತಿಗೆ ಸುಮ್ಮನಾಗಬಾರದು. ಆಸ್ಪತ್ರೆಗೆ ಸರ್ಕಾರ ಹಣ ಕೊಟ್ಟಿರುತ್ತದೆ, ಈ ಅಂಶವನ್ನು ವಕೀಲರ ಮುಂದಿಡಿ.

ಸರ್ಕಾರಿ ಆಸ್ಪತ್ರೆಯ ತಪ್ಪಿಗೆ ಸಿವಿಲ್ ಕೋರ್ಟ್ ಇದೆ. ದಾವೆಗೆ ಮೊದಲು ಸರ್ಕಾರಕ್ಕೆ ಎರಡು ತಿಂಗಳ ನೋಟಿಸ್ ಕೊಡಬೇಕು. 1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ಬಳಿಕ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವಾಗ ಬಾಣಂತಿಯ ಹೊಟ್ಟೆಯಲ್ಲಿ ಟವೆಲ್ ಬಿಟ್ಟಿದ್ದರು, ಆಕೆ ಎರಡೇ ವಾರದಲ್ಲಿ ತೀರಿಕೊಂಡರು. ಸರ್ಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ. ನ್ಯಾಯ ಸಿಕ್ಕಿತು, ಆದರೆ 33 ವರ್ಷ ಹಿಡಿಯಿತು. ಮೂಲಭೂತ ಹಕ್ಕಿನ ಭಂಗವೆಂದು ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ದಾರಿಯೂ ಇದೆ. ತುರ್ತು ರೋಗಿಗೆ ಸರ್ಕಾರಿ ಆಸ್ಪತ್ರೆ ಚಿಕಿತ್ಸೆ ನಿರಾಕರಿಸಿದರೆ ಅದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು 1996ರ ಪಶ್ಚಿಮ ಬಂಗಾಳದ ಪ್ರಕರಣದಲ್ಲಿ ತೀರ್ಪಾಗಿದೆ.

ಸಂತಾನಹರಣ ಶಿಬಿರಗಳಿಗೆ ಬೇರೆಯೇ ವ್ಯವಸ್ಥೆ ಇದೆ. 2022ರ ಆಗಸ್ಟ್‌ನಲ್ಲಿ ಹೈದರಾಬಾದ್ ಹತ್ತಿರದ ಇಬ್ರಾಹಿಂಪಟ್ನಂನಲ್ಲಿ ಇಂಥ ಶಿಬಿರದ ನಂತರ ನಾಲ್ವರು ಮಹಿಳೆಯರು ಸತ್ತದ್ದು ತೆಲಂಗಾಣದವರಿಗೆ ನೆನಪಿದೆ. ಇಂಥ ಸಾವು, ತೊಡಕು, ವಿಫಲತೆಗೆ ಕುಟುಂಬ ಯೋಜನೆಯ ಪರಿಹಾರ ಯೋಜನೆಯಿದೆ. ಪರಿಹಾರದ ಮೊತ್ತ ಹೆಚ್ಚಿಸುವಂತೆ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತ್ತು. ಇದಕ್ಕೆ ಕೋರ್ಟಿಗೆ ಹೋಗಬೇಕಿಲ್ಲ. ಶಸ್ತ್ರಚಿಕಿತ್ಸೆಯ ಪ್ರಮಾಣಪತ್ರದೊಂದಿಗೆ ಜಿಲ್ಲಾ ವೈದ್ಯಾಧಿಕಾರಿ, ಅಂದರೆ ಡಿಎಂಎಚ್‌ಓ ಕಚೇರಿಗೆ ಬೇಗ ಅರ್ಜಿ ಕೊಡಬೇಕು.

ಪೊಲೀಸ್ ಕೇಸು ಯಾವಾಗ?

ಪೊಲೀಸ್ ಕೇಸಿನಿಂದ ಶಿಕ್ಷೆಯಾಗಬಹುದು, ಆದರೆ ಪರಿಹಾರದ ಹಣಕ್ಕೆ ಅದು ದಾರಿಯಲ್ಲ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರ ಆಗಸ್ಟ್ 5ರಂದು ಸುಪ್ರೀಂ ಕೋರ್ಟ್ ನಿಯಮ ಹಾಕಿದೆ. ಡಾಕ್ಟರ್ ಮೇಲೆ ಕ್ರಿಮಿನಲ್ ಕೇಸು ನಡೆಯಬೇಕಾದರೆ ನಿರ್ಲಕ್ಷ್ಯ ಅತಿ ಗಂಭೀರವಾಗಿರಬೇಕು. ಪೊಲೀಸರು ಮೊದಲು ಅದೇ ವಿಭಾಗದ, ಸಾಧ್ಯವಾದರೆ ಸರ್ಕಾರಿ ಡಾಕ್ಟರ ಅಭಿಪ್ರಾಯ ಪಡೆಯಬೇಕು. ದೂರು ಬಂತೆಂದು ಸುಮ್ಮನೆ ಬಂಧಿಸುವಂತಿಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅನ್ವಯ ಚಿಕಿತ್ಸೆಯ ವೇಳೆ ನಿರ್ಲಕ್ಷ್ಯದಿಂದ ಸಾವಾದರೆ ನೋಂದಾಯಿತ ವೈದ್ಯರಿಗೆ 2 ವರ್ಷದವರೆಗೆ ಸೆರೆ ಮತ್ತು ದಂಡ.

ಡಾಕ್ಟರ ನಡತೆಯ ಮೇಲೆ ಕ್ರಮ ಬೇಕಾದರೆ ಅವರು ನೋಂದಣಿಯಾಗಿರುವ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಿ. ತೆಲಂಗಾಣದವರದು ಹೈದರಾಬಾದಿನಲ್ಲಿ, ಕರ್ನಾಟಕದವರದು ಬೆಂಗಳೂರಿನಲ್ಲಿದೆ. ಪರಿಷತ್ತು ಎಚ್ಚರಿಕೆ ಕೊಡಬಹುದು, ಪಟ್ಟಿಯಿಂದ ಹೆಸರು ತೆಗೆಯಬಹುದು. ಹಣ ಕೊಡಿಸಲಾರದು.

ಆರ್‌ಎಂಪಿ ಸೂಜಿ ಚುಚ್ಚಿದ್ದರೆ

ನಮ್ಮ ಊರೂರಲ್ಲಿ ಕೈಚೀಲ ಹಿಡಿದು ಬರುವ 'ಆರ್‌ಎಂಪಿ ಡಾಕ್ಟರ್' ರಾತ್ರಿ ಹೊತ್ತಿಗೆ ಆಸರೆಯಾಗುತ್ತಾರೆ ಎಂಬುದು ನಿಜ. ಆದರೆ ನೋಂದಣಿಯಿಲ್ಲದೆ ಅಲೋಪಥಿ ವೈದ್ಯಕೀಯ ಮಾಡುವುದು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಡಿ ಅಪರಾಧ. ಒಂದು ವರ್ಷದವರೆಗೆ ಸೆರೆ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಹೋಮಿಯೋಪಥಿ ಓದಿದವರು ಅಲೋಪಥಿ ಔಷಧ ಕೊಟ್ಟು ರೋಗಿ ಸತ್ತಾಗ, ಹಾಗೆ ಕೊಟ್ಟದ್ದೇ ನಿರ್ಲಕ್ಷ್ಯ ಎಂದು ಪೂನಂ ವರ್ಮಾ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿ 3 ಲಕ್ಷ ರೂಪಾಯಿ ಕೊಡಿಸಿತು. ಇಂಥಲ್ಲಿ ಬಿಲ್ಲು ಇರುವುದಿಲ್ಲ. ಖಾಲಿ ಬಾಟಲಿ, ಸಿರಿಂಜು, ಚೀಟಿ, ಫೋನ್‌ಪೇ ಮಾಡಿದ ದಾಖಲೆ, ನೋಡಿದವರ ಸಾಕ್ಷಿ ಇವೇ ಆಧಾರ.

ವಕೀಲರು ಮತ್ತು ಉಚಿತ ನೆರವು

ವಕೀಲರ ಫೀಸಿಗೆ ಹೆದರಿ ಹಿಂದೆ ಸರಿಯುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯ ಮಿತಿಯಿದೆ. ಮನೆಯ ಹೆಂಗಸರೊಬ್ಬರು ದೂರುದಾರರಾದರೆ ಈ ನೆರವು ಸಿಗುತ್ತದೆ ಎಂಬುದನ್ನು ಗಮನಿಸಿ. ಗ್ರಾಹಕ ಆಯೋಗದ ಕೇಸಿಗೂ ಇದು ಅನ್ವಯ. ನಾರಾಯಣಪೇಟೆ, ಗದ್ವಾಲ್ ಕೋರ್ಟುಗಳಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಅಲ್ಲೇ ಶಾಶ್ವತ ಲೋಕ ಅದಾಲತ್ ಬಗ್ಗೆಯೂ ಕೇಳಿ. ಆಸ್ಪತ್ರೆ ಸೇವೆಯ ವ್ಯಾಜ್ಯ ಅದರ ವ್ಯಾಪ್ತಿಗೆ ಬರುತ್ತದೆ, ಶುಲ್ಕವಿಲ್ಲ. ಆದರೆ ಬೇರೆ ಕೋರ್ಟಿಗೆ ಹೋಗುವ ಮೊದಲೇ ಅಲ್ಲಿಗೆ ಹೋಗಬೇಕು.

ಸ್ವಂತ ವಕೀಲರನ್ನು ಇಟ್ಟುಕೊಳ್ಳುವುದಾದರೆ ಮೂರು ಪ್ರಶ್ನೆ ಕೇಳಿ. ಗ್ರಾಹಕ ಆಯೋಗದಲ್ಲಿ ಡಾಕ್ಟರ ಮೇಲಿನ ಕೇಸು ನಡೆಸಿದ್ದೀರಾ? ಫೀಸು ಒಟ್ಟು ಎಷ್ಟು? ಕೇಸ್ ಶೀಟ್ ಓದಿ ಅಭಿಪ್ರಾಯ ಹೇಳುವ ಡಾಕ್ಟರ್ ಯಾರಾದರೂ ಇದ್ದಾರಾ? 'ಗೆದ್ದರೆ ಪರಿಹಾರದಲ್ಲಿ ಇಷ್ಟು ಪಾಲು' ಎಂಬ ಒಪ್ಪಂದಕ್ಕೆ ಸಹಿ ಮಾಡಬೇಡಿ, ವಕೀಲರ ಪರಿಷತ್ತಿನ ನಿಯಮವೇ ಅದನ್ನು ನಿಷೇಧಿಸಿದೆ. ಮೂಲ ಕಾಗದಗಳನ್ನು ಯಾರಿಗೂ ಕೊಡಬೇಡಿ, ಜೆರಾಕ್ಸ್ ಕೊಡಿ.

ರಾಜಿ ಪಂಚಾಯ್ತಿ ಮತ್ತು ಗಲಾಟೆ

ಸಾವಾದ ದಿನವೇ ಊರ ಹಿರಿಯರು, ಪುಢಾರಿಗಳು ನಡುವೆ ಬಂದು ಒಂದಿಷ್ಟು ದುಡ್ಡು ಕೊಡಿಸಿ ಕಾಗದಕ್ಕೆ ಹೆಬ್ಬೆಟ್ಟು ಹಾಕಿಸುವ ಪದ್ಧತಿ ಗಡಿಯ ಎರಡೂ ಕಡೆ ಇದೆ. ರಾಜಿಯೇ ತಪ್ಪಲ್ಲ, ಗ್ರಾಹಕ ಆಯೋಗದಲ್ಲೂ ಮಧ್ಯಸ್ಥಿಕೆಗೆ ಅವಕಾಶವಿದೆ. ಆದರೆ ಓದಿಸಿ ಕೇಳದ ಕಾಗದಕ್ಕೆ, ಖಾಲಿ ಬಾಂಡಿಗೆ ಸಹಿ ಬೇಡ. 'ಮುಂದೆ ಯಾವ ಕೇಸೂ ಹಾಕುವುದಿಲ್ಲ' ಎಂಬ ಸಾಲಿದ್ದರೆ ವಕೀಲರಿಗೆ ತೋರಿಸದೆ ಮುಟ್ಟಬೇಡಿ. ಆಸ್ಪತ್ರೆಯ ಗಾಜು ಒಡೆಯುವುದು, ಡಾಕ್ಟರ ಮೇಲೆ ಕೈಮಾಡುವುದು ಅಪರಾಧ. 2008ರ ಆಂಧ್ರಪ್ರದೇಶದ ಕಾಯ್ದೆ ತೆಲಂಗಾಣದಲ್ಲೂ ಜಾರಿಯಲ್ಲಿದ್ದು, 3 ವರ್ಷದವರೆಗೆ ಜೈಲು ಆಗಬಹುದು. ಕರ್ನಾಟಕದಲ್ಲೂ 2009ರಿಂದ ಇಂಥದೇ ಕಾಯ್ದೆಯಿದೆ.

ಎಷ್ಟು ಸಿಗಬಹುದು?

ಇದಕ್ಕೆ ನಿಗದಿತ ದರವಿಲ್ಲ. ವಯಸ್ಸು, ದುಡಿಮೆ, ನಂಬಿಕೊಂಡವರು ಎಷ್ಟು ಜನ, ಮುಂದಿನ ಚಿಕಿತ್ಸೆಯ ಖರ್ಚು, ಅನುಭವಿಸಿದ ನೋವು ಎಲ್ಲವನ್ನೂ ನೋಡುತ್ತಾರೆ. ಹೈದರಾಬಾದಿನ ಪ್ರಕರಣದಲ್ಲಿ 2 ಲಕ್ಷ, ಕೋಲ್ಕತ್ತದ ಡಾ. ಕುನಾಲ್ ಸಾಹಾ ಪ್ರಕರಣದಲ್ಲಿ 2013ರಲ್ಲಿ ಸುಮಾರು 6 ಕೋಟಿ ರೂಪಾಯಿ. ಅವರ ಪತ್ನಿ ತೀರಿಕೊಂಡದ್ದು 1998ರಲ್ಲಿ. ಕಾಯ್ದೆ 3 ತಿಂಗಳಲ್ಲಿ ತೀರ್ಮಾನ ಆಗಬೇಕೆಂದರೂ ವಾಸ್ತವದಲ್ಲಿ ವರ್ಷಗಳೇ ಹಿಡಿಯುತ್ತವೆ. ಈ ತಾಳ್ಮೆ ಇದ್ದರೆ ಮಾತ್ರ ಇಳಿಯಿರಿ. ಕೇಸು ಹಾಕುವ ಮೊದಲು ಕೇಸ್ ಶೀಟನ್ನು ಬೇರೆ ಊರಿನ ಡಾಕ್ಟರೊಬ್ಬರಿಗೆ ತೋರಿಸಿ. ತಪ್ಪಿಲ್ಲ ಎಂದು ಅವರು ಬಿಡಿಸಿ ಹೇಳಿದರೆ ಮನಸ್ಸಿಗಾದರೂ ಸಮಾಧಾನ. ತಪ್ಪಿದೆ ಎಂದರೆ ಅವರ ಮಾತನ್ನು ಬರೆಸಿಕೊಳ್ಳಿ.

ಈ ಲೇಖನ ಸಾಮಾನ್ಯ ಮಾಹಿತಿಗೆ ಮಾತ್ರ. ಪ್ರತಿ ಪ್ರಕರಣವೂ ಬೇರೆ, ಆದ್ದರಿಂದ ಹೆಜ್ಜೆ ಇಡುವ ಮೊದಲು ವಕೀಲರನ್ನೋ ಕಾನೂನು ಸೇವಾ ಪ್ರಾಧಿಕಾರವನ್ನೋ ಕಾಣಿರಿ. ಹೋಗುವಾಗ ಚೀಟಿಗಳ ಚೀಲ, ಆಧಾರ್, ರೇಷನ್ ಕಾರ್ಡ್ ಮತ್ತು ದಿನಾಂಕ ಬರೆದಿಟ್ಟ ನೋಟ್‌ಬುಕ್ ಮರೆಯಬೇಡಿ.